ನಾಲ್ಕೂ ಸರಿ ಎನಿಸಿದಾಗ ಯಾವುದಕ್ಕೆ ಗುರುತು ಹಾಕಬೇಕು?

ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸರ್ಟಿಫಿಕೇಟ್ ಪರೀಕ್ಷೆಗೆ ಕೂರುವವರಿಗೊಂದು ಪಾಠ



ಡಿಪ್ಲೊಮಾ, ಇಂಜಿನಿಯರಿಂಗ್, ಬಿ.ಕಾಂ. ಮುಗಿಸಿದ ನಮ್ಮ ಭಾಗದ ಮಕ್ಕಳು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೋ, ಕುಡತಿನಿಯ ವಿದ್ಯುತ್ ಸ್ಥಾವರಕ್ಕೋ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗೋ, ಗಲ್ಫ್ ದೇಶದ ಕಟ್ಟಡ ಕೆಲಸಕ್ಕೋ ಹೋಗುತ್ತಾರೆ. ಎರಡು ಮೂರು ವರ್ಷ ಕಳೆದ ಮೇಲೆ ಮನೆಗೆ ಫೋನ್ ಮಾಡಿ, ‘ಅಬ್ಬಾ, ಪಿಎಂಪಿ ಬರೆದರೆ ಮುಂದಿನ ಹುದ್ದೆಗೆ ದಾರಿಯಾಗುತ್ತದೆ, ಫೀಸಿಗೆ ಸ್ವಲ್ಪ ಹಣ ಬೇಕು’ ಎನ್ನುತ್ತಾರೆ. ಮನೆಯವರಿಗೆ ಆ ಮೂರಕ್ಷರದ ಅರ್ಥ ಗೊತ್ತಿರುವುದಿಲ್ಲ. ಹಣ ಹೊಂದಿಸುವ ಕಷ್ಟ ಮಾತ್ರ ಗೊತ್ತಿರುತ್ತದೆ. ಆ ಪರೀಕ್ಷೆ ಏನು, ಅದರಲ್ಲಿ ಬುದ್ಧಿವಂತ ಮಕ್ಕಳೂ ಎಲ್ಲಿ ಎಡವುತ್ತಾರೆ, ಎಡವದಂತೆ ಓದುವುದು ಹೇಗೆ ಎಂಬುದನ್ನು ಇಲ್ಲಿ ಆದಷ್ಟು ಸರಳವಾಗಿ ಬರೆದಿದ್ದೇನೆ.

1. ಪರೀಕ್ಷೆಯ ಪರಿಚಯ

ಅಮೆರಿಕದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ (ಪಿಎಂಐ) 1969ರಲ್ಲಿ ಸ್ಥಾಪನೆಯಾದ ಸಂಸ್ಥೆ. ಅದು 1984ರಲ್ಲಿ ಪಿಎಂಪಿ ಪರೀಕ್ಷೆಯನ್ನು ಆರಂಭಿಸಿತು. ಆಗಲೇ ಯೋಜನೆಗಳನ್ನು ನಡೆಸಿದ ಅನುಭವ ಇರುವವರಿಗಾಗಿ ಇದು ಇದೆ. ಅನುಭವ ಇಲ್ಲದ ಹೊಸಬರಿಗೆ ಅದೇ ಸಂಸ್ಥೆ ಸಿಎಪಿಎಂ ಎಂಬ ಇನ್ನೊಂದು ಪರೀಕ್ಷೆ ನಡೆಸುತ್ತದೆ.

2021ರ ಜನವರಿಯಲ್ಲಿ ಜಾರಿಗೆ ಬಂದ ಮಾದರಿಯಲ್ಲಿ ಪಿಎಂಪಿಗೆ 180 ಪ್ರಶ್ನೆ, 230 ನಿಮಿಷ. ಅಂದರೆ ಒಂದು ಪ್ರಶ್ನೆಗೆ ಸುಮಾರು 77 ಸೆಕೆಂಡು. ಸಿಎಪಿಎಂಗೆ 150 ಪ್ರಶ್ನೆ, 3 ಗಂಟೆ. ಒಂದು ಪ್ರಶ್ನೆಗೆ 72 ಸೆಕೆಂಡು. ಎರಡರಲ್ಲೂ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಪರೀಕ್ಷೆಯ ರೂಪುರೇಷೆಯನ್ನು ಸಂಸ್ಥೆ ಕೆಲವು ವರ್ಷಗಳಿಗೊಮ್ಮೆ ಬದಲಿಸುತ್ತದೆ. ಅರ್ಜಿ ಹಾಕುವ ದಿನ ಯಾವುದು ಜಾರಿಯಲ್ಲಿದೆಯೋ ಅದನ್ನೇ ನೋಡಿಕೊಂಡು ಓದಬೇಕು. ಹಳೆಯ ಗೈಡನ್ನು ಅರ್ಧ ಬೆಲೆಗೆ ಕೊಂಡರೆ ಉಳಿತಾಯ ಅಲ್ಲ.

ಎಸ್‌ಎಸ್‌ಎಲ್‌ಸಿಯ ಬಹು ಆಯ್ಕೆ ಪ್ರಶ್ನೆಯಲ್ಲಿ ಒಂದು ಸರಿ, ಮೂರು ತಪ್ಪು. ಪಾಠ ಓದಿದವನಿಗೆ ಸರಿಯಾದದ್ದು ಕಣ್ಣಿಗೆ ಹೊಡೆಯುತ್ತದೆ. ಇಲ್ಲಿ ಹಾಗಲ್ಲ. ಕೆಲಸದ ಒಂದು ಸನ್ನಿವೇಶ ಕೊಟ್ಟು ‘ನೀವೀಗ ಏನು ಮಾಡಬೇಕು?’ ಎಂದು ಕೇಳುತ್ತಾರೆ. ನಾಲ್ಕು ಉತ್ತರಗಳಲ್ಲಿ ಎರಡು ಬೇಗ ಬಿದ್ದುಹೋಗುತ್ತವೆ. ಉಳಿದ ಎರಡೂ ಸಂಭಾವಿತ ಉತ್ತರಗಳೇ. ಪುಸ್ತಕ ಪೂರ್ತಿ ಬಾಯಿಪಾಠ ಮಾಡಿದ ಹುಡುಗಿಯೂ ಆ ಎರಡರ ನಡುವೆ ನಿಂತುಬಿಡುತ್ತಾಳೆ. ಆದ್ದರಿಂದ ಆ ಕೊನೆಯ ಎರಡರಲ್ಲಿ ಒಂದನ್ನು ಆರಿಸುವ ಕ್ರಮವನ್ನು ಬೇರೆಯಾಗಿಯೇ ಅಭ್ಯಾಸ ಮಾಡಬೇಕು.

2. ಮೊದಲು ಪ್ರಶ್ನೆಯ ಕೊನೆಯ ಸಾಲು

ನಮ್ಮ ಸಂಗನಕಲ್ಲಿನ ಹಿರೇಗುಡ್ಡವನ್ನು ಎಲ್ಲರೂ ನೋಡಿದ್ದೀರಿ. ಸಾವಿರಾರು ವರ್ಷಗಳ ಹಿಂದೆ, ನವಶಿಲಾಯುಗದಲ್ಲಿ, ಅಲ್ಲಿ ಕಪ್ಪು ಡಾಲರೈಟ್ ಕಲ್ಲಿನಿಂದ ಕೊಡಲಿ ತಯಾರಿಸುತ್ತಿದ್ದರು. ಕಲ್ಲನ್ನು ಬಂಡೆಯಿಂದ ಬಿಡಿಸುವುದು, ಚಕ್ಕೆ ಎಬ್ಬಿಸಿ ಆಕಾರ ಕೊಡುವುದು, ಮೇಲ್ಮೈಯನ್ನು ಕುಟ್ಟಿ ಸಮ ಮಾಡುವುದು, ಬಂಡೆಯ ಮೇಲೆ ಉಜ್ಜಿ ನಯಗೊಳಿಸುವುದು. ನಾಲ್ಕೂ ಸರಿಯಾದ ಕೆಲಸಗಳೇ, ಒಂದನ್ನೂ ಬಿಡುವಂತಿಲ್ಲ. ಆದರೆ ಚಕ್ಕೆ ಎಬ್ಬಿಸುವ ಮೊದಲೇ ಉಜ್ಜಲು ಕೂತರೆ ಕೈ ಸವೆಯುತ್ತದೆಯೇ ಹೊರತು ಕೊಡಲಿ ಆಗುವುದಿಲ್ಲ.

ಪಿಎಂಪಿಯ ಬಹುಪಾಲು ಪ್ರಶ್ನೆಗಳು ಕೇಳುವುದು ಇದೇ ಸರದಿಯನ್ನು. ನಮ್ಮ ಮಕ್ಕಳು ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆಯುವುದರಿಂದ ಕೊನೆಯ ಸಾಲಿನ ಒಂದೊಂದು ಪದವನ್ನೂ ಗಮನಿಸಬೇಕು.

‘ಫಸ್ಟ್’ ಅಥವಾ ‘ನೆಕ್ಸ್ಟ್’ ಎಂದಿದ್ದರೆ ಸರದಿಯಲ್ಲಿ ಈಗ ಯಾವುದು ಎಂದು ಅರ್ಥ. ‘ಬೆಸ್ಟ್’ ಎಂದಿದ್ದರೆ ಒಂದನ್ನೇ ಮಾಡಲು ಸಾಧ್ಯವಾದರೆ ಯಾವುದು ಎಂದು ಅರ್ಥ. ‘ಶುಡ್ ಹ್ಯಾವ್ ಡನ್’ ಎಂದಿದ್ದರೆ ಈಗಿನ ಪರಿಹಾರ ಕೇಳುತ್ತಿಲ್ಲ. ಈ ತೊಂದರೆಯೇ ಬರದಂತೆ ಹಿಂದೆ ಏನು ಮಾಡಿರಬೇಕಿತ್ತು ಎಂದು ಕೇಳುತ್ತಿದ್ದಾರೆ. ಸನ್ನಿವೇಶ ಒಂದೇ ಆಗಿದ್ದರೂ ಈ ಮೂರು ಪ್ರಶ್ನೆಗೆ ಮೂರು ಬೇರೆ ಉತ್ತರ ಬರಬಹುದು. ಆದ್ದರಿಂದ ಕೊನೆಯ ಸಾಲನ್ನು ಮೊದಲು ಓದಿ, ಆಮೇಲೆ ಸನ್ನಿವೇಶ ಓದಿ. ‘ಎರಡನ್ನು ಆರಿಸಿ’ ಎಂದಿದ್ದರೆ ಎರಡನ್ನೇ ಆರಿಸಿ.

3. ಮೊದಲ ಮಾದರಿ: ಜೀನ್ಸ್ ಘಟಕ

ಬಳ್ಳಾರಿಯ ಮನೆಮನೆಗೂ ಗೊತ್ತಿರುವ ಕಸುಬಿನಿಂದ ಒಂದು ಪ್ರಶ್ನೆ ಮಾಡೋಣ. ಜೀನ್ಸ್ ಘಟಕವೊಂದರಲ್ಲಿ ಹೊಸ ಯಂತ್ರಗಳನ್ನು ಕೂರಿಸುವ ಯೋಜನೆ ನಡೆದಿದೆ. ‘ಯಂತ್ರ ಇಟ್ಟಿರುವ ರೀತಿಯಿಂದ ಕೆಲಸ ನಿಧಾನವಾಗುತ್ತಿದೆ, ಹೀಗಾದರೆ ಆರ್ಡರ್ ತಪ್ಪುತ್ತದೆ’ ಎಂದು ಹಿರಿಯ ಟೇಲರ್ ಹೇಳುತ್ತಾರೆ. ಪ್ರಾಜೆಕ್ಟ್ ಮ್ಯಾನೇಜರ್ ಮೊದಲು ಏನು ಮಾಡಬೇಕು?

(ಅ) ಮಾಲೀಕರಿಗೆ ವರದಿ ಮಾಡುವುದು.
(ಆ) ರಾತ್ರಿ ಪಾಳಿ ಹಾಕಿಸುವುದು.
(ಇ) ಟೇಲರ್‌ಗಳ ಜೊತೆ ಕೂತು ನಿಧಾನಕ್ಕೆ ಕಾರಣವೇನು, ಎಷ್ಟು ದಿನ ತಪ್ಪುತ್ತದೆ ಎಂದು ತಿಳಿಯುವುದು.
(ಈ) ಗಿರಾಕಿಯಲ್ಲಿ ದಿನಾಂಕ ಮುಂದೂಡಲು ಕೇಳುವುದು.

ಊರಿನ ಘಟಕದಲ್ಲಿ ಬಹುಶಃ (ಆ) ನಡೆಯುತ್ತದೆ. ಪರೀಕ್ಷೆಯ ಉತ್ತರ (ಇ). ಕಾರಣ ಗೊತ್ತಿಲ್ಲದೆ ಮಾಲೀಕರ ಮುಂದೆ ನಿಂತರೆ ಅವರು ಕೇಳುವ ಮೊದಲ ಮಾತೇ ‘ಯಾಕೆ?’ ಎಂದು. ಯಂತ್ರದ ಜಾಗ ಸರಿ ಇಲ್ಲದಿದ್ದರೆ ರಾತ್ರಿ ಪಾಳಿಯಲ್ಲೂ ಅದೇ ನಿಧಾನ, ಮೇಲೆ ಹೆಚ್ಚಿನ ಕೂಲಿ. ಎಷ್ಟು ದಿನ ಬೇಕೆಂದು ಗೊತ್ತಿಲ್ಲದೆ ಗಿರಾಕಿಯಲ್ಲಿ ಯಾವ ದಿನಾಂಕ ಕೇಳುವುದು? ನೋಡಿ, ಉಳಿದ ಮೂರೂ ಮುಂದೆ ಬೇಕಾಗಬಹುದು. ಆದರೆ ಮೂರಕ್ಕೂ (ಇ)ಯಿಂದ ಬರುವ ಮಾಹಿತಿಯೇ ಬಂಡವಾಳ. ಎರಡು ಉತ್ತರ ಉಳಿದಾಗ ಕೇಳಬೇಕಾದ ಮೊದಲ ಪ್ರಶ್ನೆ ಇದು: ಇವೆರಡರಲ್ಲಿ ಯಾವುದು ಇನ್ನೊಂದಕ್ಕೆ ಮೊದಲು ಆಗಲೇಬೇಕು?

4. ಎರಡನೆಯ ಮಾದರಿ: ನಡುವೆ ಬಂದ ಹೊಸ ಬೇಡಿಕೆ

ಶಾಲಾ ಕಟ್ಟಡದ ನಕ್ಷೆ, ವೆಚ್ಚ, ದಿನಾಂಕ ಎಲ್ಲಕ್ಕೂ ಒಪ್ಪಿಗೆಯಾಗಿ ಕೆಲಸ ಶುರುವಾಗಿದೆ. ಹಣ ಕೊಟ್ಟವರೊಬ್ಬರು ಬಂದು ಇನ್ನೂ ಎರಡು ಶೌಚಾಲಯ ಸೇರಿಸಿ ಎನ್ನುತ್ತಾರೆ. ಪ್ರಾಜೆಕ್ಟ್ ಮ್ಯಾನೇಜರ್ ಮುಂದೇನು ಮಾಡಬೇಕು?

(ಅ) ಒಪ್ಪಂದದಲ್ಲಿಲ್ಲ, ಆಗದು ಎನ್ನುವುದು.
(ಆ) ಸಣ್ಣ ಕೆಲಸ, ಒಳ್ಳೆಯ ಕೆಲಸ ಎಂದು ಮೇಸ್ತ್ರಿಗೆ ಹೇಳಿಬಿಡುವುದು.
(ಇ) ವೆಚ್ಚ ಮತ್ತು ಸಮಯದ ಮೇಲಿನ ಪರಿಣಾಮ ಲೆಕ್ಕ ಹಾಕಿ, ಬದಲಾವಣೆಯ ಕೋರಿಕೆಯಾಗಿ ಒಪ್ಪಿಗೆಗೆ ಮಂಡಿಸುವುದು.
(ಈ) ಬದಲಾವಣೆ ಸಮಿತಿಯ ಸಭೆಯನ್ನು ತಕ್ಷಣ ಕರೆಯುವುದು.

(ಅ) ಮತ್ತು (ಆ) ಬಿದ್ದುಹೋಗುತ್ತವೆ. ಒಂದು ಕೇಳಿಸಿಕೊಳ್ಳದೆ ತಳ್ಳಿಹಾಕುತ್ತದೆ, ಇನ್ನೊಂದು ಯಾರಿಗೂ ಹೇಳದೆ ಒಪ್ಪುತ್ತದೆ. (ಇ) ಮತ್ತು (ಈ) ಉಳಿಯುತ್ತವೆ. ಸಮಿತಿಯೇ ತೀರ್ಮಾನ ಮಾಡಬೇಕೆಂಬುದು ನಿಜ. ಆದರೆ ಎಷ್ಟು ಹಣ, ಎಷ್ಟು ದಿನ ಎಂಬ ಲೆಕ್ಕವಿಲ್ಲದೆ ಸಮಿತಿ ಏನನ್ನು ತೀರ್ಮಾನಿಸೀತು? ಉತ್ತರ (ಇ). (ಇ)ಯ ಒಳಗೆ (ಈ) ಕೂಡ ಸೇರಿದೆ ಎಂಬುದನ್ನೂ ಗಮನಿಸಿ. ಒಪ್ಪಿಗೆಗೆ ಮಂಡಿಸುವುದು ಎಂದರೆ ಸಮಿತಿಯ ಮುಂದೆಯೇ ಅಲ್ಲವೇ? ಎರಡನೆಯ ಪ್ರಶ್ನೆ ಇದು: ಒಂದು ಉತ್ತರ ಇನ್ನೊಂದನ್ನು ತನ್ನೊಳಗೆ ಹಿಡಿದಿದೆಯೇ?

ಈಗ ಅದೇ ಪ್ರಶ್ನೆಯ ಹಿನ್ನೆಲೆ ಬದಲಿಸೋಣ. ಕಟ್ಟಡದ ಬದಲು ಮೊಬೈಲ್ ಆ್ಯಪ್. ತಂಡ ಅಜೈಲ್ ಪದ್ಧತಿಯಲ್ಲಿ, ಎರಡೆರಡು ವಾರದ ಕಂತುಗಳಲ್ಲಿ ಕೆಲಸ ಮಾಡುತ್ತಿದೆ. ಗಿರಾಕಿ ಹೊಸ ಸೌಲಭ್ಯ ಕೇಳುತ್ತಾರೆ. ಇಲ್ಲಿ ಬದಲಾವಣೆ ಸಮಿತಿಯ ಉತ್ತರ ಸರಿಹೋಗದು. ಅಜೈಲ್‌ನಲ್ಲಿ ಬದಲಾವಣೆಯನ್ನು ನಿರೀಕ್ಷಿಸಿಯೇ ಕೆಲಸ ಜೋಡಿಸಿರುತ್ತಾರೆ. ಬೇಡಿಕೆ ಪ್ರಾಡಕ್ಟ್ ಓನರ್ ಬಳಿ ಹೋಗುತ್ತದೆ; ಅವರು ಅದನ್ನು ಬ್ಯಾಕ್‌ಲಾಗ್ ಎಂಬ ಕೆಲಸದ ಪಟ್ಟಿಗೆ ಸೇರಿಸಿ ಅದರ ಸರದಿಯನ್ನು ನಿರ್ಧರಿಸುತ್ತಾರೆ. 2021ರ ಮಾದರಿಯಲ್ಲಿ ಸುಮಾರು ಅರ್ಧದಷ್ಟು ಪ್ರಶ್ನೆಗಳು ಅಜೈಲ್ ಅಥವಾ ಮಿಶ್ರ ಪದ್ಧತಿಯವು. ‘ಸ್ಪ್ರಿಂಟ್’, ‘ಬ್ಯಾಕ್‌ಲಾಗ್’, ‘ಸ್ಕ್ರಮ್ ಮಾಸ್ಟರ್’ ಎಂಬ ಪದ ಕಂಡ ಕೂಡಲೇ ಪೆನ್ನು ತಡೆದು, ಯಾವ ಪದ್ಧತಿಯ ಮನೆಯಲ್ಲಿ ನಿಂತಿದ್ದೇನೆ ಎಂದು ಕೇಳಿಕೊಳ್ಳಿ. ಜೊತೆಗೆ, ಈ ಪ್ರಶ್ನೆಯಲ್ಲಿ ನಾನು ಯಾರು, ನನ್ನ ಅಧಿಕಾರ ಎಷ್ಟು ಎಂದೂ ನೋಡಿ. ಮೂರನೆಯ ಪ್ರಶ್ನೆ ಇದೇ.

5. ಮೂರನೆಯ ಮಾದರಿ: ಮೊದಲೇ ಊಹಿಸಿದ್ದ ಅಪಾಯ

ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಗೆ ಹೊಸ ಯಂತ್ರ ತರಿಸುವ ಯೋಜನೆ. ಸರಬರಾಜು ತಡವಾಗಬಹುದು ಎಂದು ಅಪಾಯಗಳ ಪಟ್ಟಿಯಲ್ಲಿ ಬರೆದಿದ್ದರು. ಹಾಗಾದರೆ ಬಾಡಿಗೆ ಯಂತ್ರ ತರುವುದೆಂದೂ ತೀರ್ಮಾನವಾಗಿತ್ತು. ಈಗ ಸರಬರಾಜು ನಿಜವಾಗಿಯೂ ತಡವಾಗಿದೆ. ಮೊದಲು ಏನು?

(ಅ) ತಂಡದ ಸಭೆ ಕರೆದು ಪರಿಹಾರ ಹುಡುಕುವುದು.
(ಆ) ತೀರ್ಮಾನಿಸಿದಂತೆ ಬಾಡಿಗೆ ಯಂತ್ರ ತರಿಸುವುದು.
(ಇ) ಅಪಾಯಗಳ ಪಟ್ಟಿಯಲ್ಲಿ ಇದನ್ನು ಹೊಸದಾಗಿ ಬರೆಯುವುದು.
(ಈ) ಮೇಲಧಿಕಾರಿಗೆ ತಿಳಿಸುವುದು.

ಜೀನ್ಸ್ ಘಟಕದ ಪಾಠವನ್ನು ಸೂತ್ರ ಮಾಡಿಕೊಂಡವರು (ಅ) ಎನ್ನುತ್ತಾರೆ: ‘ಮೊದಲು ವಿಚಾರಿಸು, ಆಮೇಲೆ ಮಾಡು’ ಎಂದಿರಲ್ಲ ಸರ್? ಆದರೆ ಇಲ್ಲಿ ವಿಚಾರ ಆಗಲೇ ಮುಗಿದಿದೆ. ಅಪಾಯದ ಪಟ್ಟಿ ಬರೆದದ್ದು ಅದಕ್ಕಾಗಿಯೇ. ಉತ್ತರ (ಆ). ಬರಬಹುದಾದದ್ದು ಅಪಾಯ, ಬಂದದ್ದು ಸಮಸ್ಯೆ. ಇಂಗ್ಲಿಷಿನ ‘ರಿಸ್ಕ್’ ಮತ್ತು ‘ಇಷ್ಯೂ’ ಎಂಬ ಎರಡು ಪದಗಳನ್ನು ಒಂದೇ ಎಂದು ತಿಳಿದವರು ಈ ಜಾತಿಯ ಪ್ರಶ್ನೆಗಳಲ್ಲಿ ಸಾಲಾಗಿ ಅಂಕ ಕಳೆದುಕೊಳ್ಳುತ್ತಾರೆ.

ವಿಚಾರಣೆಗೆ ಮೊದಲೇ ಕೈ ಹಾಕಬೇಕಾದ ಇನ್ನೊಂದು ಸಂದರ್ಭ ಇದೆ: ಜೀವಕ್ಕೆ, ಸುರಕ್ಷತೆಗೆ ಕುತ್ತು ಬಂದಾಗ. ಇದಕ್ಕೆ ದೂರದ ಉದಾಹರಣೆ ಬೇಡ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಜಲಾಶಯ ತುಂಬಿತ್ತು. ಸರಪಳಿ ಯಾಕೆ ತುಂಡಾಯಿತು ಎಂಬ ವಿಚಾರಣೆಗೆ ಮೊದಲು, ಇತರ ಗೇಟುಗಳನ್ನೂ ತೆರೆದು ನೀರು ಬಿಟ್ಟು ಅಣೆಕಟ್ಟೆಯ ಮೇಲಿನ ಒತ್ತಡ ಇಳಿಸಿದರು. ಕೆಳಗಿನ ಊರುಗಳಿಗೆ ಎಚ್ಚರಿಕೆ ಕೊಟ್ಟರು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಉಕ್ಕಿನ ಸ್ಟಾಪ್‌ಲಾಗ್‌ಗಳನ್ನು ಒಂದೊಂದಾಗಿ ಇಳಿಸಿ, 17ರ ಹೊತ್ತಿಗೆ ಆ ಕಂಡಿಯನ್ನು ಮುಚ್ಚಿದರು. ಕರ್ನಾಟಕ, ಆಂಧ್ರ, ತೆಲಂಗಾಣ ಮೂರೂ ರಾಜ್ಯದ ರೈತರ ಬೆಳೆ ಆ ನೀರಿನ ಮೇಲೆ ನಿಂತಿತ್ತು. ಮೊದಲು ಸುರಕ್ಷತೆ, ಆಮೇಲೆ ತಾತ್ಕಾಲಿಕ ಪರಿಹಾರ, ಆಮೇಲೆ ಮೂಲ ಕಾರಣ, ಕೊನೆಗೆ ಶಾಶ್ವತ ದುರಸ್ತಿ. ಈ ಸರದಿಯನ್ನು ನೆನಪಿಟ್ಟರೆ ಪರೀಕ್ಷೆಯ ಹತ್ತಾರು ಸನ್ನಿವೇಶಗಳು ಬಗೆಹರಿಯುತ್ತವೆ.

6. ಮೇಲಿನವರಿಗೆ ಯಾವಾಗ ಹೇಳಬೇಕು?

‘ಮೇಲಧಿಕಾರಿಗೆ ತಿಳಿಸು’ ಎಂಬ ಉತ್ತರ ಬಹುತೇಕ ಪ್ರಶ್ನೆಗಳಲ್ಲಿ ತಪ್ಪು. ತಾನೇ ಬಗೆಹರಿಸಬಹುದಾದ ಜಗಳವನ್ನು, ತನ್ನ ಕೈಯಲ್ಲಿರುವ ಕೆಲಸವನ್ನು ಇನ್ನೊಬ್ಬರ ತಲೆಗೆ ಕಟ್ಟುವವರನ್ನು ಪರೀಕ್ಷೆ ಮೆಚ್ಚುವುದಿಲ್ಲ. ತಂಡದ ಇಬ್ಬರು ಜಗಳವಾಡಿದರೆ ಮೊದಲು ಅವರಿಬ್ಬರನ್ನು ಬೇರೆ ಕೂರಿಸಿಕೊಂಡು ಮಾತಾಡಬೇಕು. ಎಲ್ಲರೆದುರು ಬೈಯುವುದೂ ಅಲ್ಲ, ಒಬ್ಬರನ್ನು ಎತ್ತಂಗಡಿ ಮಾಡುವುದೂ ಅಲ್ಲ.

ಆದರೆ ಬಿಲ್ಲಿನಲ್ಲಿ ಕಬ್ಬಿಣದ ತೂಕ ಹೆಚ್ಚು ತೋರಿಸಿದ್ದು ಗೊತ್ತಾದರೆ? ‘ತಂಡದೊಳಗೇ ಸರಿಮಾಡಿಕೊಳ್ಳೋಣ’ ಎಂಬ ಉತ್ತರ ಎಷ್ಟೇ ಮೃದುವಾಗಿ ಬರೆದಿದ್ದರೂ ಅದು ತಪ್ಪು. ಪಿಎಂಐ ತನ್ನ ನೀತಿಸಂಹಿತೆಯಲ್ಲಿ ಹೊಣೆಗಾರಿಕೆ, ಗೌರವ, ನ್ಯಾಯ, ಪ್ರಾಮಾಣಿಕತೆ ಎಂಬ ನಾಲ್ಕು ಮೌಲ್ಯಗಳನ್ನು ಇಟ್ಟಿದೆ. ಮೋಸ ಕಂಡಾಗ ಸರಿಯಾದ ಸ್ಥಳಕ್ಕೆ ತಿಳಿಸಲೇಬೇಕು. ಹಾಗೆಯೇ ತನ್ನ ಅಧಿಕಾರ ಮೀರಿದ ಹಣ ಅಥವಾ ತೀರ್ಮಾನ ಬೇಕಾದಾಗಲೂ ಮೇಲೆ ಹೋಗಬೇಕು; ಹೋಗುವಾಗ ಲೆಕ್ಕ ಮತ್ತು ಸಲಹೆ ಎರಡನ್ನೂ ಹಿಡಿದುಕೊಂಡು ಹೋಗಬೇಕು. ನಾಲ್ಕನೆಯ ಪ್ರಶ್ನೆ: ಇದು ನನ್ನ ಕೈಯಲ್ಲಿದೆಯೇ, ಮೀರಿದೆಯೇ?

7. ಅನುಭವ ತರುವ ತೊಡಕು

ಐದು ವರ್ಷ ಸೈಟಿನಲ್ಲಿ ದುಡಿದವರಿಗೆ ಈ ಪರೀಕ್ಷೆ ಒಮ್ಮೊಮ್ಮೆ ಹೊಸಬರಿಗಿಂತ ಕಷ್ಟ. ‘ನಮ್ಮ ಕಂಪನಿಯಲ್ಲಿ ಹೀಗೆ ಮಾಡುವುದಿಲ್ಲ’ ಎಂಬ ಮಾತು ಮನಸ್ಸಿನಲ್ಲಿ ಎದ್ದುಬಿಡುತ್ತದೆ. ನಿಮ್ಮ ಕಂಪನಿ ಸರಿಯೇ ಇರಬಹುದು. ಆದರೆ ಪ್ರಶ್ನೆಯಲ್ಲಿ ಬರೆದಿರುವುದಷ್ಟೇ ಸತ್ಯ ಎಂದು ತಿಳಿಯಿರಿ. ಮಾಲೀಕ ಮುಂಗೋಪಿ ಎಂದು ಪ್ರಶ್ನೆ ಹೇಳಿಲ್ಲವಾದರೆ ಆತ ಮುಂಗೋಪಿಯಲ್ಲ. ಹಣ ಮುಗಿದಿದೆ ಎಂದು ಹೇಳಿಲ್ಲವಾದರೆ ಹಣ ಇದೆ. ಇಲ್ಲದ ಸಂಗತಿಯನ್ನು ನಾವು ಸೇರಿಸಿದ ಕ್ಷಣ ತಪ್ಪು ಉತ್ತರವೂ ಸರಿಯಾಗಿ ಕಾಣತೊಡಗುತ್ತದೆ.

8. ಅಭ್ಯಾಸದ ಪುಸ್ತಕ

ಅಣಕು ಪರೀಕ್ಷೆ ಬರೆದು ಅಂಕ ನೋಡಿ ಮುಚ್ಚಿಟ್ಟರೆ ಪ್ರಯೋಜನ ಕಡಿಮೆ. ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು ಮೂರು ಕಾಲಂ ಹಾಕಿ. ಮೊದಲನೆಯದರಲ್ಲಿ ನಾನು ಆರಿಸಿದ ತಪ್ಪು ಉತ್ತರ. ಎರಡನೆಯದರಲ್ಲಿ ಅದು ನನಗೆ ಯಾಕೆ ಸರಿ ಎನಿಸಿತು. ಮೂರನೆಯದರಲ್ಲಿ ಸರಿಯುತ್ತರ ಅದಕ್ಕಿಂತ ಯಾಕೆ ಮೇಲು. ಎರಡನೆಯ ಕಾಲಂ ಬರೆಯಲು ಬೇಸರವಾಗುತ್ತದೆ, ಆದರೂ ಬಿಡಬೇಡಿ. ಐವತ್ತು ಪ್ರಶ್ನೆ ತುಂಬಿದ ಮೇಲೆ ಆ ಕಾಲಂ ಒಂದನ್ನೇ ಓದಿ. ಕೆಲವರಿಗೆ ಆತುರ, ಕೆಲವರಿಗೆ ಮೇಲಧಿಕಾರಿಯ ಭಯ, ಕೆಲವರಿಗೆ ಪದ್ಧತಿಯ ಗೊಂದಲ ಎಂದು ತಮ್ಮ ದೋಷದ ಗುಣ ಅಲ್ಲೇ ಕಾಣುತ್ತದೆ. ಸರಿಯಾದ ಉತ್ತರಗಳನ್ನೂ ಬಿಡಬೇಡಿ. ಊಹೆಯಿಂದ ಸರಿಯಾದದ್ದಕ್ಕೆ ಬೇರೆ ಗುರುತು ಹಾಕಿ.

ಪರೀಕ್ಷೆಯ ದಿನ ಒಂದು ಪ್ರಶ್ನೆಗೆ ಎರಡು ನಿಮಿಷ ದಾಟಿದರೆ ಇದ್ದುದರಲ್ಲಿ ಒಳ್ಳೆಯದನ್ನು ಆರಿಸಿ, ಗುರುತಿಟ್ಟು ಮುಂದೆ ಹೋಗಿ. 2021ರ ಮಾದರಿಯ ಪಿಎಂಪಿಯಲ್ಲಿ 60 ಪ್ರಶ್ನೆಗೊಂದು ಭಾಗ, ನಡುವೆ 10 ನಿಮಿಷದ ಎರಡು ಬಿಡುವು. ಬಿಡುವಿಗೆ ಎದ್ದ ಮೇಲೆ ಹಿಂದಿನ ಭಾಗಕ್ಕೆ ಮರಳಲು ಆಗುವುದಿಲ್ಲ. ಆದ್ದರಿಂದ ಏಳುವ ಮುನ್ನ ಗುರುತಿಟ್ಟ ಪ್ರಶ್ನೆಗಳನ್ನು ಮುಗಿಸಿ. ಮರುನೋಟದಲ್ಲಿ ಹೊಸ ಕಾರಣ ಕಂಡರೆ ಮಾತ್ರ ಉತ್ತರ ಬದಲಿಸಿ; ಬರೀ ಅಳುಕಿಗೆ ಬದಲಿಸಬೇಡಿ.

‘ಪರೀಕ್ಷೆಯಲ್ಲಿ ಬಂದ ಪ್ರಶ್ನೆಗಳೇ ನಮ್ಮಲ್ಲಿವೆ’ ಎಂದು ಮಾರುವವರಿಂದ ದೂರವಿರಿ. ಪ್ರಶ್ನೆಗಳನ್ನು ಹೊರಗೆ ಹೇಳುವುದಿಲ್ಲ ಎಂದು ಒಪ್ಪಿಯೇ ಪ್ರತಿಯೊಬ್ಬರೂ ಪರೀಕ್ಷೆ ಬರೆಯುತ್ತಾರೆ. ಅಲ್ಲಿ ಕೊಳ್ಳುವುದು ಮುರಿದ ಮಾತನ್ನು. ಮೇಲಾಗಿ ಅವುಗಳಲ್ಲಿನ ಉತ್ತರಗಳು ಸರಿ ಎಂಬ ಖಾತರಿಯೂ ಇಲ್ಲ.

9. ಪೋಷಕರಿಗೂ ದಾನಿಗಳಿಗೂ

ಮಗ ಅಥವಾ ಮಗಳು ಈ ಪರೀಕ್ಷೆಗೆ ಹಣ ಕೇಳಿದಾಗ ಮೊದಲು ಅರ್ಹತೆ ಕೇಳಿ. 2021ರ ಮಾದರಿಯ ಪಿಎಂಪಿಗೆ 4 ವರ್ಷದ ಪದವಿ ಇದ್ದವರಿಗೆ ಯೋಜನೆ ನಡೆಸಿದ 36 ತಿಂಗಳ ಅನುಭವ, ಅದಿಲ್ಲದವರಿಗೆ 60 ತಿಂಗಳ ಅನುಭವ, ಜೊತೆಗೆ 35 ಗಂಟೆಯ ತರಬೇತಿ ಬೇಕೆಂದಿತ್ತು. 3 ವರ್ಷದ ಪದವಿಯವರು ತಮಗೆ ಯಾವುದು ಅನ್ವಯ ಎಂದು ಹಣ ಕಟ್ಟುವ ಮೊದಲೇ ಸಂಸ್ಥೆಯನ್ನು ಕೇಳಬೇಕು. ಈಗಷ್ಟೇ ಕಾಲೇಜು ಮುಗಿಸಿದವರಿಗೆ ಪಿಎಂಪಿ ಅಲ್ಲ, ಸಿಎಪಿಎಂ. ಅದಕ್ಕೆ 23 ಗಂಟೆಯ ತರಬೇತಿ ಸಾಕು. ಅರ್ಹತೆ ಇಲ್ಲದವರಿಗೂ ಪಿಎಂಪಿ ತರಗತಿಯ ಫೀಸು ಕಟ್ಟಿಸಿಕೊಳ್ಳುವವರು ಇದ್ದಾರೆ, ಎಚ್ಚರ.

ಪಿಎಂಪಿ ಅರ್ಜಿ ಒಪ್ಪಿತವಾದ ಮೇಲೆ ಒಂದು ವರ್ಷದೊಳಗೆ ಮೂರು ಸಲ ಬರೆಯಬಹುದು. ಆದರೆ ಪ್ರತಿ ಸಲವೂ ಶುಲ್ಕ ಕಟ್ಟಬೇಕು. ಜೀನ್ಸ್ ಹೊಲಿದು, ಗದ್ದೆಯಲ್ಲಿ ದುಡಿದು ಕೂಡಿಟ್ಟ ಹಣಕ್ಕೆ ‘ಇನ್ನೊಂದು ಸಲ ನೋಡೋಣ’ ಎಂಬ ಮಾತು ಹಗುರವಲ್ಲ. ದಾನಿಗಳ ಹಣಕ್ಕೂ ಅಷ್ಟೇ: ಒಂದು ವ್ಯರ್ಥ ಪ್ರಯತ್ನದ ಶುಲ್ಕದಲ್ಲಿ ಪಿಯುಸಿ ಓದುವ ಇನ್ನೊಂದು ಮಗುವಿನ ಪುಸ್ತಕ ಬರುತ್ತದೆ. ಸರ್ಟಿಫಿಕೇಟ್ ಕೆಲಸದ ಖಾತರಿ ಕೊಡುವುದಿಲ್ಲ. ಇರುವ ಅನುಭವಕ್ಕೆ ಒಂದು ಮುದ್ರೆ ಒತ್ತುತ್ತದೆ ಅಷ್ಟೆ. ಹಾಗಿದ್ದರೂ ಮೇಸ್ತ್ರಿಯ ಮಗ ಸೈಟ್ ಮ್ಯಾನೇಜರ್ ಹುದ್ದೆಗೆ ಅರ್ಜಿ ಹಾಕುವಾಗ, ಟೇಲರ್ ಮಗಳು ಸಾಫ್ಟ್‌ವೇರ್ ತಂಡ ನಡೆಸಲು ಹೊರಟಾಗ, ಆ ಮುದ್ರೆಗೆ ಬೆಲೆ ಇದೆ.

ಆದ್ದರಿಂದ ಈ ಪರೀಕ್ಷೆಗಾಗಿ ನೆರವು ಕೋರುವ ವಿದ್ಯಾರ್ಥಿಗಳಲ್ಲಿ ನನ್ನ ಒಂದು ವಿನಂತಿ. ಅರ್ಜಿ ಬರೆಯುವ ಮೊದಲು ಮೂರು ಕಾಲಂನ ಆ ನೋಟ್‌ಬುಕ್‌ನಲ್ಲಿ ಕನಿಷ್ಠ ನೂರು ಪ್ರಶ್ನೆ ತುಂಬಿಸಿ, ಎರಡು ಪೂರ್ಣ ಅಣಕು ಪರೀಕ್ಷೆಗಳನ್ನು ಗಡಿಯಾರ ಇಟ್ಟು ಬರೆಯಿರಿ. ಎರಡು ಉತ್ತರಗಳ ನಡುವೆ ನಿಂತಾಗ ‘ಇದೇ ಯಾಕೆ?’ ಎಂಬುದಕ್ಕೆ ಒಂದು ವಾಕ್ಯದ ಕಾರಣ ನಿಮ್ಮ ಬಾಯಿಂದ ಬರುವಂತಾದ ಮೇಲೆ ದಿನಾಂಕ ಗೊತ್ತುಮಾಡಿ. ಪೋಷಕರೇ, ನಿಮಗೆ ಇಂಗ್ಲಿಷ್ ಬಾರದಿದ್ದರೂ ಚಿಂತೆಯಿಲ್ಲ. ರಾತ್ರಿ ಊಟವಾದ ಮೇಲೆ ಒಂದು ಪ್ರಶ್ನೆಯನ್ನು ಮಕ್ಕಳು ಕನ್ನಡದಲ್ಲೋ ಮನೆಮಾತಿನಲ್ಲೋ ನಿಮಗೆ ಹೇಳಲಿ, ನಾಲ್ಕು ಉತ್ತರಗಳನ್ನೂ ಹೇಳಲಿ. ನೀವು ‘ಯಾಕೆ?’ ಎಂದಷ್ಟೇ ಕೇಳಿ. ನಿಮಗೆ ತಿಳಿಯುವ ಹಾಗೆ ಕಾರಣ ಹೇಳಬಲ್ಲ ಮಗು ಪರೀಕ್ಷಾ ಕೋಣೆಯಲ್ಲೂ ಹೇಳಬಲ್ಲದು.